ಚಾಚಾ ಮೊದಲು ಕೂತ ಕಲ್ಲು

ಚಾಚಾ ಅವರ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ, ಹೊಳೆಯುವ ಚರ್ಮ. ಎಡಗೈ ಎಂದು ನನ್ನ ನೆನಪು. ಅವ್ವ ಬಲಗೈ ಎನ್ನುತ್ತಾಳೆ.

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಫಿಟ್ಟರ್. ಹಿಂದೆ ಬೇರೆ ಊರಲ್ಲಿದ್ದಾಗ ಹಬೆಯ ಪೈಪಿನ ಜೋಡಣೆ ಬಿಚ್ಚಿಕೊಂಡು ಅವರ ಜೊತೆಗಾರ ಸತ್ತಿದ್ದ. ಚಾಚಾ ಕೈ ಸುಟ್ಟುಕೊಂಡು ಉಳಿದಿದ್ದರು. ಅಂದಿನಿಂದ ಯಾವ ಜೋಡಣೆಯನ್ನೂ ನಂಬುತ್ತಿರಲಿಲ್ಲ. ನಮ್ಮಲ್ಲಿ ಚಹಾಕ್ಕೆ ಬಂದರೂ ಸ್ಟೋವಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ತಂಬಿಗೆ ಎತ್ತಲಾಗದು; ಹೆಂಡತಿಯ ಕೈಯಿಂದ ಮೈ ತೊಳೆಸಿಕೊಳ್ಳಲು ನಾಚಿಕೆ. ಹೈದರಾಬಾದಿನಿಂದ ಶವರ್ ತಂದೆ. ಬಚ್ಚಲ ಗೋಡೆಯಾಚೆ, ಎತ್ತರದ ಕಟ್ಟೆಯ ಒಲೆ ಮೇಲೆ ನೀರು ಕಾಯುವ ಡ್ರಮ್ಮಿತ್ತು. ಅದರ ಹಳೆಯ ಪೈಪು ಗೋಡೆ ತೂರಿ, ಕೂತವರ ನೆತ್ತಿಯ ಮೇಲೆ ಬಾಯಿ ತೆರೆಯುತ್ತಿತ್ತು. ಬಜಾರಿನ ಮಿಸ್ತ್ರಿ ಅದಕ್ಕೆ ಶವರ್ ತಿರುಗಿಸಿ ಹೋದ.

ಚಾಚಾ ಬಂದಾಗ ಅಪ್ಪ ಆಗಲೇ ಬಚ್ಚಲ ಕಲ್ಲಿನ ಮೇಲೆ ಕೂತಿದ್ದ.

"ಶವರ್ ಎಷ್ಟ್ ಸುತ್ತ ಹೋತು?" ಎಂದು ನನ್ನನ್ನು ಕೇಳಿದರು.

"ಎರಡೇ ಸುತ್ತಿಗಿ ಗಟ್ಟಿ ಕುಂತದರಿ."

ಅವರ ಮುಖ ಬಿಳಿಚಿತು. "ಗಟ್ಟಿ ಕುಂತಿಲ್ಲ ಬೇಟಾ, ಸಿಕ್ಕೊಂಡದ. ಪೈಪಿನ ಚೂಡಿ ಬ್ಯಾರೆ, ಇದರ ಚೂಡಿ ಬ್ಯಾರೆ." ತಿರುಪಿನ ಗೆರೆಗಳಿಗೆ ಅವರು ಚೂಡಿ ಎನ್ನುತ್ತಿದ್ದರು. "ದೋಸ್ತ, ಹೊರಗ ಬಾ."

"ನೀರಿಗೂ ಅಂಜ್ತಿಯೇನೋ ಪುಕ್ಕಲಾ?" ಅಪ್ಪನ ನಾಲಿಗೆ ತೊದಲುತ್ತಿತ್ತು, ಚೇಷ್ಟೆ ತೊದಲುತ್ತಿರಲಿಲ್ಲ.

"ಭಾಳ ಅಂಜ್ತೀನಿ. ನಿನಗ ಎದ್ದು ಓಡ್ಲಾಕ ಬರಲ್ಲ."

ಅಪ್ಪನನ್ನು ಬೆನ್ನ ಮೇಲೆ ಹೊತ್ತು ತಂದು ಅಂಗಳದ ಮಂಚದಲ್ಲಿ ಕೂರಿಸಿದರು. ಬಚ್ಚಲ ಬಾಗಿಲು ಎಳೆದುಕೊಂಡು, ಹೊರಗಿನಿಂದಲೇ ಡ್ರಮ್ಮಿನ ವಾಲ್ವ್ ತಿರುಗಿಸಿದರು. ಒಳಗೆ ನೀರು ಒಂದೇ ಸಮ ಸುರಿಯತೊಡಗಿತು.

"ನೋಡ್ರಿ ಭಾಯಿ, ಛಂದ ಬೀಳ್ಲಿಕತ್ತದ. ಸುಮ್ನ ಹೊತ್ತು ತಂದ್ರಿ," ಅವ್ವ ಸಿಡುಕಿದಳು. ಅಪ್ಪ ನಕ್ಕ. ಚಾಚಾ ವಾಲ್ವಿನಿಂದ ಕೈ ತೆಗೆಯಲಿಲ್ಲ.

ಆಗ ಕಲ್ಲಿಗೆ ಕಬ್ಬಿಣ ಬಡಿದ ಸದ್ದು; ಶವರ್ ಕಳಚಿ ಬಿದ್ದಿತ್ತು. ಬಾಗಿಲ ಸಂದಿಯಿಂದ ಹಬೆ ನುಗ್ಗಿತು. ಅಪ್ಪನ ನಗು ನಿಂತಿತು. ಚಾಚಾ ವಾಲ್ವ್ ಮುಚ್ಚಿ ಒಲೆಯ ಪಕ್ಕ ಕುಕ್ಕರಿಸಿದರು. ಬೆಂಕಿಯ ಎದುರಿಗೇ ಅವರ ಹಲ್ಲು ಕಟಕಟಿಸುತ್ತಿದ್ದವು. ಆ ಸದ್ದನ್ನು ನಾನು ನಿಜವಾಗಿ ಕೇಳಿದೆನೋ, ಮುಂದೆ ಹೇಳಿ ಹೇಳಿ ಕಟ್ಟಿಕೊಂಡೆನೋ ತಿಳಿಯದು. ಕಲ್ಲಿನ ಮೇಲಾದ ಕುಳಿ ಮಾತ್ರ ಆ ಮನೆ ಬಿಡುವವರೆಗೂ ಬೆರಳಿಗೆ ಸಿಗುತ್ತಿತ್ತು.

ಆಮೇಲೆ ಚಾಚಾ ಒಂದು ತುದಿಗೆ ಹಳೆಯ ಚೂಡಿ, ಇನ್ನೊಂದಕ್ಕೆ ಹೊಸದು ಇರುವ ಹಿತ್ತಾಳೆಯ ತುಂಡನ್ನು ಲೇಥಿನಲ್ಲಿ ಕಡೆಸಿ ತಂದು ನಡುವೆ ಕೂಡಿಸಿದರು. ಶವರ್ ಚೂಡಿಯ ಕೊನೆಯವರೆಗೂ ತಿರುಗಿ ಕೂತಿತು. ಆದರೂ ಅಪ್ಪನ ಪ್ರತಿ ಸ್ನಾನಕ್ಕೂ ಮುಂಚೆ, ನೀರು ಹದ ಮಾಡಿಸಿ, ಬನಿಯನ್ ತೊಟ್ಟು ತಾವೇ ಆ ಕಲ್ಲಿನ ಮೇಲೆ ಕೂರುತ್ತಿದ್ದರು. ಮುಖ ಮೇಲಕ್ಕೆತ್ತಿದಾಗ ತುಟಿ ನಡುಗುತ್ತಿತ್ತು.

"ಇಷ್ಟು ಅಂಜಿಕಿ ಇದ್ರ ಯಾಕ ಕುಂದಿರ್ತೀರಿ ಚಾಚಾ?" ಎಂದೆ ಒಮ್ಮೆ.

"ಅಂಜದವ ಮ್ಯಾಲ ನೋಡಂಗಿಲ್ಲ ಬೇಟಾ."

ಒಂದು ಚಳಿಗಾಲ ಅವರು ನಿದ್ದೆಯಲ್ಲೇ ತೀರಿಕೊಂಡರು. ಮುಂದಿನ ಸ್ನಾನದ ದಿನ ಅಪ್ಪ ಮಂಚದಿಂದ ಏಳಲಿಲ್ಲ. ನಾನೇ ಒಳಗೆ ಹೋಗಿ ಕಲ್ಲಿನ ಮೇಲೆ ಕೂತೆ. ಅವ್ವ ವಾಲ್ವ್ ತಿರುಗಿಸಿದಳು. ಮೇಲೆ ನೋಡಿದೆ.

"ಅಂಜಿಕಿ ಆಗ್ಲಿಕತ್ತದೇನು?" ಹೊರಗಿನಿಂದ ಅಪ್ಪ ಕೇಳಿದ.

"ಹೂಂ."

"ಹಂಗಾದ್ರ ನಾ ಬರ್ತೀನಿ."