ಗಾದಿ ಮೇಲಿನ ಕುಸ್ತಿ

ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದ ಮೊಮ್ಮಗ, "ಆಯಿ, ಈ ಪೈಲ್ವಾನ ಕಂಪನಿ ಬದಲಿ ಮಾಡಿದಾಗಿಂದ ಬರೇ ಸೋಲಾಕತ್ತಾನ" ಎಂದ. ನನಗೆ ನಮ್ಮ ಕಾಕಾ ನೆನಪಾದ; ಅವನ ಕಥೆ ಹೇಳಿದೆ.

ಐನಾಪುರದ ಗರಡಿಯಲ್ಲಿ ಅವನನ್ನು ಕೆಡವಿದವರಿರಲಿಲ್ಲ. ಮಜ್ಜಿಗೆ, ಅರಿಶಿಣ, ಎಣ್ಣೆ ಕಲಸಿದ ಆ ಮಣ್ಣಿನ ವಾಸನೆ ಅವನ ಹಿಂದೆಯೇ ನಮ್ಮ ಅಡಿಗೆಮನೆಗೂ ಬರುತ್ತಿತ್ತು. ಕೊಲ್ಹಾಪುರದ ದೊಡ್ಡ ಗರಡಿ ಕರೆಯಿತು, ಹೋದ. ಅಲ್ಲಿ ಕುಸ್ತಿ ಮಣ್ಣಿನಲ್ಲಲ್ಲ, ನೆಲಕ್ಕೆ ಹಾಸಿದ ಗಾದಿಯ ಮೇಲೆ. ಮಣ್ಣಿನಲ್ಲಿ ಊರುತ್ತಿದ್ದ ಕಾಲು ಜಾರಿತು. ಒಂದೂ ಗೆಲ್ಲದೆ ತಿರುಗಿ ಬಂದ.

ಅವನ ತಾಯಿ, ನಮ್ಮಜ್ಜಿ, ರೊಟ್ಟಿ ಬಡಿಯುತ್ತಲೇ ಅಂದಳು: "ಗಾದಿ ಇರೂದು ಮಲಗಾಕ ಲೇ. ನೀ ಮಲಗಿ ಬಂದಿ."

ಎಲ್ಲರೂ ನಕ್ಕೆವು. ಕಾಕಾನೂ ನಕ್ಕ. ಮರುದಿನ ಹಳೆಯ ಗುರುವಿನ ಮುಂದೆ ನಿಂತು, "ಮತ್ತ ಆಡ್ಲೇನ್ರಿ?" ಎಂದು ಕೇಳಿದ.

"ಮೊದಲ ಮಣ್ಣ ಹದಾ ಮಾಡು."

ಮಾಡಿದ. ಮಾಡುತ್ತಲೇ ಉಳಿದ. ಲಂಗೋಟಿ ಮತ್ತೆ ಕಟ್ಟಲಿಲ್ಲ.

"ಆಮ್ಯಾಲ ಗೆದ್ನೇನಾಯಿ?" ಎಂದ ಮೊಮ್ಮಗ.

"ಇಲ್ಲಪಾ. ಆದ್ರ ಮಣ್ಣು ಭಾಳ ಛಲೋ ಮಾಡ್ತಿದ್ದ."