ಬಾಗಿಲು ಹಾಕ್ಕೊಂಡು ಕಲಸಿ ಅಂದವಳು ನಾನೇ

ಅಪ್ಪಲನಾಯ್ಡು ನಗುವವರಲ್ಲ. ಐವತ್ತೈದರ ಆಸುಪಾಸಿನ ಪೇಂಟರ್. ವಿಶಾಖಪಟ್ನಂನ ಮಧುರವಾಡದಲ್ಲಿ ನಮ್ಮ ಬೀದಿಯ ಅರ್ಧ ಮನೆಗಳಿಗೆ ಬಣ್ಣ ಹಚ್ಚಿದವರು ಅವರೇ. ಕೇಳಿದ್ದಕ್ಕೆ ಒಂದು ಮಾತು, ಅಷ್ಟೇ. ಅಂಥವರು ಹೋದ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಸಣ್ಣ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು, ಒಬ್ಬರೇ ನಗುತ್ತಿದ್ದರು.

ಪಕ್ಕದಲ್ಲಿ ಬೆಳ್ಳಿ ಬಣ್ಣದ ಡ್ರಮ್ಮು. ಅದರ ಮುಚ್ಚಳ ತೆಗೆದಿತ್ತು. ಕಿಟಕಿ ಮುಚ್ಚಿತ್ತು. ಬಾಗಿಲನ್ನು ಆಗಷ್ಟೇ ತಳ್ಳಿದವಳು ನಾನು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಬ್ಯಾಂಕಿನವರು ನನ್ನನ್ನು ತುಮಕೂರಿನಿಂದ ವಿಶಾಖಪಟ್ನಂಗೆ ವರ್ಗ ಮಾಡಿದಾಗ ಸಿಕ್ಕಿದ್ದು ಮೇಲಿನ ಮಹಡಿಯ ಈ ಫ್ಲಾಟ್. ಸಮುದ್ರದ ಗಾಳಿ ಬರುತ್ತದೆ ಅಂದಿದ್ದರು. ಬರುತ್ತದೆ, ನಿಜ. ಆದರೆ ಏಪ್ರಿಲ್‌ನಲ್ಲಿ ತಲೆಯ ಮೇಲೆ ಒಲೆ ಇಟ್ಟ ಹಾಗಿರುತ್ತದೆ. ತಾರಸಿ ಸೋರಬಾರದು ಅಂತ ಓನರ್ ಕಪ್ಪು ಡಾಂಬರಿನ ಹಾಳೆ ಅಂಟಿಸಿದ್ದಾರೆ. ಕಪ್ಪು ಅಂದಮೇಲೆ ಕೇಳಬೇಕೇ? ಬಿಸಿಲನ್ನೆಲ್ಲ ಹೀರಿ ನಮ್ಮ ಮೇಲೆ ಸುರಿಯುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಬೆರೆಸಿದ ಡಾಂಬರಿನ ಪೇಂಟ್ ಹೊಡೆದರೆ ಬಿಸಿಲು ವಾಪಸ್ ಹೋಗುತ್ತದಂತೆ. ಓನರ್ ಒಪ್ಪಿದರು.

ನನ್ನವರು ಕೆಲಸ ಮಾಡುವುದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ. ವಾರಕ್ಕೊಮ್ಮೆ ಬರುತ್ತಾರೆ. "ವಿಜಯವಾಡದಲ್ಲಿ ಈ ಪೇಂಟ್ ಸಿಗುತ್ತಂತೆ, ಬರುವಾಗ ರೈಲಲ್ಲಿ ಒಂದು ಡ್ರಮ್ ತಂದ್ಬಿಡಿ" ಅಂದಿದ್ದೆ. "ರೈಲಲ್ಲಾ? ಅದು ಬೆಂಕಿ ಹತ್ತೋ ಮಾಲು ಕಣೇ!" ಅಂತ ಬೈದರು. (ಪೇಂಟಿಗೆ ಬೆಂಕಿ ಹತ್ತುತ್ತದಾ? ನಲವತ್ತಾರು ವರ್ಷದ, ಎರಡು ಡಿಗ್ರಿ ಪಡೆದ ನನಗೆ ಅದು ಹೊಸ ವಿಷಯ.) ಕೊನೆಗೆ ಇವರು ಮನೆಗೆ ಬಂದಿದ್ದ ಒಂದು ಭಾನುವಾರ ಇಲ್ಲಿಯ ಅಂಗಡಿಯಿಂದಲೇ ಡ್ರಮ್ ಬಂತು.

ಶನಿವಾರ ಅಪ್ಪಲನಾಯ್ಡು ನಮ್ಮ ಮನೆ ಬಾಗಿಲ ಮುಂದೆ, ಮೆಟ್ಟಿಲ ನೆರಳಿನಲ್ಲಿ, ಡ್ರಮ್ ತೆರೆದರು. ಅಲ್ಯೂಮಿನಿಯಂ ಪುಡಿ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಕಲಸಬೇಕು. ಕಲಸತೊಡಗಿದ ಐದೇ ನಿಮಿಷಕ್ಕೆ ಎದುರು ಮನೆಯ ಸತ್ಯವತಿಗಾರು ಮೂಗಿಗೆ ಸೆರಗು ಹಿಡಿದು ಹೊರಬಂದರು. ನಿವೃತ್ತ ತೆಲುಗು ಟೀಚರ್. ಅವರಿಗೆ ಸಿಟ್ಟು ಬಂದಾಗಲೂ ಮರ್ಯಾದೆಯ "ಅಂಡಿ" ತಪ್ಪುವುದಿಲ್ಲ.

"ಏಮಂಡೀ, ಈ ವಾಸನೆಯಲ್ಲಿ ಮನುಷ್ಯರು ಇರೋದು ಹೇಗಂಡೀ?"

ತಾರಸಿಯ ಬಯಲಿನಲ್ಲಿ ಕಲಸೋಣವೆಂದರೆ ಅವತ್ತು ಜೋರು ಗಾಳಿ. ಹನಿ ಹಾರಿ ಕೆಳಗಿನ ಕಾರುಗಳ ಮೇಲೆ ಬಿದ್ದರೆ ಇನ್ನೊಂದು ಜಗಳ. ನಾನು ಒಂದು ಉಪಾಯ ಹೇಳಿದೆ. "ತಾರಸಿ ಮೇಲೆ ಸಾಮಾನಿಡುವ ಕೋಣೆ ಇದೆಯಲ್ಲ ನಾಯ್ಡುಗಾರು, ಅಲ್ಲಿ ಬಾಗಿಲು ಹಾಕ್ಕೊಂಡು ಕಲಸಿ. ವಾಸನೆ ಯಾರಿಗೂ ಬರಲ್ಲ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಡ್ರಮ್ ಎತ್ತಿಕೊಂಡು ಹೋದರು. ನಾವು ಹೇಳಿದ್ದಕ್ಕೆ ಎದುರಾಡದವರನ್ನು ಒಳ್ಳೆಯ ಕೆಲಸಗಾರ ಅನ್ನುತ್ತೇವೆ, ಅಲ್ಲವೇ?

ಮುಕ್ಕಾಲು ಗಂಟೆಯಾದರೂ ಅವರು ಹೊರಗೆ ಬರಲಿಲ್ಲ. ಬಾಗಿಲು ಹಾಕಿ ಕಲಸುತ್ತಿರುವುದನ್ನು ನನ್ನವರಿಗೆ ಫೋನಿನಲ್ಲಿ ಹೇಳುತ್ತಲೇ ನಾನು ಮೇಲೆ ಹೋದೆ. ಕಂಡಿದ್ದು ಆ ನಗು.

"ನಾಯ್ಡುಗಾರು, ಏನಾಯ್ತು?"

"ಏಟೀ ಕಾಲೇದಮ್ಮಾ" ಅಂದರು. ಏನೂ ಆಗಿಲ್ಲ ಅಂತ. ಏಳಲು ಹೋದರು, ಕಾಲು ನಿಲ್ಲಲಿಲ್ಲ. ಮತ್ತೆ ನಕ್ಕರು. ಮಾತು ತೊದಲುತ್ತಿತ್ತು. ಕುಡಿದಿದ್ದಾರಾ ಅಂದುಕೊಂಡೆ. (ಆ ಯೋಚನೆ ಎಷ್ಟು ಬೇಗ ಬಂತು ಅಂತ ಈಗ ನಾಚಿಕೆಯಾಗುತ್ತದೆ.) ಅಷ್ಟರಲ್ಲಿ ನನ್ನ ಕಣ್ಣೂ ಉರಿಯತೊಡಗಿತು. ತಲೆ ಧಿಂ ಅಂತು. ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇತ್ತು. ವಾಸನೆ ಹೋಗಲಿ ಅಂತ ಸ್ವಿಚ್ಚಿಗೆ ಕೈ ಚಾಚಿದೆ. "ಇರಿ, ಫ್ಯಾನ್ ಹಾಕ್ತೀನಿ" ಅಂದಿದ್ದು ಫೋನಿನಲ್ಲಿ ಇವರಿಗೂ ಕೇಳಿಸಿತು.

"ಶೈಲಾ, ಸ್ವಿಚ್ ಮುಟ್ಬೇಡ!"

ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಇವರು ಹಾಗೆ ಕಿರುಚಿದ್ದು ಅದೇ ಮೊದಲು.

"ಸ್ವಿಚ್ಚಲ್ಲಿ ಕಿಡಿ ಹಾರುತ್ತೆ. ಆ ಕೋಣೆ ತುಂಬ ಪೆಟ್ರೋಲ್ ಥರದ ಆವಿ ಇದೆ. ಮೊದ್ಲು ಅವ್ರನ್ನ ಎಳ್ಕೊಂಡು ಆಚೆ ಬಾ. ಡ್ರಮ್ ಹಾಗೇ ಇರ್ಲಿ, ಬಾಗ್ಲು ತೆರೆದೇ ಇರ್ಲಿ."

ಅವರ ಎರಡೂ ಕಂಕುಳಿಗೆ ಕೈ ಕೊಟ್ಟು ಎಳೆದೆ. ಹೇಗೆ ಎಳೆದೆನೋ ಗೊತ್ತಿಲ್ಲ. ತಾರಸಿಯ ಗಾಳಿಗೆ ಬಂದ ಮೇಲೆ ಅವರು ವಾಂತಿ ಮಾಡಿಕೊಂಡರು. ನಗು ನಿಂತಿತು. ಮುಖ ಬಿಳಿಚಿತ್ತು.

"ಕೆಳಗೆ ಯಾರಾದ್ರೂ ಒಲೆ ಹಚ್ಚಿದಾರಾ?" ಫೋನಿನಲ್ಲಿ ಮತ್ತೆ ಇವರ ದನಿ. " ಆ ಆವಿ ಗಾಳಿಗಿಂತ ಭಾರ, ಮೆಟ್ಲು ಇಳ್ಕೊಂಡು ಹೋಗುತ್ತೆ."

ಮೆಟ್ಟಿಲ ಬಳಿ ಬಂದು ಬಗ್ಗಿ ನೋಡಿದರೆ ಸತ್ಯವತಿಗಾರು ವಾಸನೆ ತಾಳಲಾರದೆ ಬಾಗಿಲ ಹೊರಗೆ ಅಗರಬತ್ತಿ ಹಚ್ಚಿಟ್ಟಿದ್ದಾರೆ! ಒಂದಲ್ಲ, ಒಂದು ಹಿಡಿ. ನನ್ನ ತೆಲುಗು ಆ ಹೊತ್ತಿಗೆ ಕೈಕೊಟ್ಟಿತು. "ಆರಿಸಿ, ನೀರು, ನೀರು!" ಅಂತ ಕನ್ನಡದಲ್ಲೇ ಕೂಗಿದೆ. ಅವರಿಗೆ ಏನು ಅರ್ಥವಾಯಿತೋ, ಕೈಯಲ್ಲಿದ್ದ ಚೊಂಬಿನ ನೀರನ್ನು ಅದರ ಮೇಲೆ ಸುರಿದರು.

ಹತ್ತಿರದ ಕ್ಲಿನಿಕ್ಕಿನಲ್ಲಿ ಅಪ್ಪಲನಾಯ್ಡು ಅವರಿಗೆ ಸಂಜೆಯವರೆಗೆ ಆಕ್ಸಿಜನ್ ಕೊಟ್ಟರು. "ಇನ್ನರ್ಧ ಗಂಟೆ ಒಳಗೇ ಇದ್ದಿದ್ದರೆ ನಾನು ಏನೂ ಹೇಳಲಾರೆ" ಅಂದರು ಡಾಕ್ಟರ್. ಅಪ್ಪಲನಾಯ್ಡು ಅವರ ಹೆಂಡತಿ ಓಡಿಬಂದು ನನ್ನ ಎರಡೂ ಕೈ ಹಿಡಿದು ನಮಸ್ಕಾರ ಮಾಡಿದರು. ಕಾಪಾಡಿದ್ದಕ್ಕಂತೆ. ಬಾಗಿಲು ಹಾಕ್ಕೊಳ್ಳಿ ಅಂದವಳು ನಾನೇ ಅಂತ ಹೇಳಲು ನನಗೆ ಎರಡು ದಿನ ಬೇಕಾಯಿತು. ಹೇಳಿದೆ. ಆಕೆ ನನ್ನತ್ತ ನೋಡದೆ ಗಂಡನಿಗೆ ಗಂಜಿ ಬಡಿಸತೊಡಗಿದರು. ಅದಕ್ಕಿಂತ ಒಂದೆರಡು ಬೈಗುಳ ಹಗುರವಾಗಿರುತ್ತಿತ್ತು.

ಮುಂದಿನ ಶನಿವಾರ ಅಪ್ಪಲನಾಯ್ಡು ಮತ್ತೆ ಬಂದರು. ಬೇಡ ಅಂದರೂ ಕೇಳಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಅವರಿಗೆ ನಿದ್ದೆ ಕೊಡುವುದಿಲ್ಲವಂತೆ. ಈ ಸಲ ಗಾಳಿಯಿಲ್ಲದ ಮುಂಜಾವು, ಬಯಲು ತಾರಸಿ, ಕೈಗವಸು, ಕನ್ನಡಕ. ಕೈಗೆ ಮೆತ್ತಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ ಅವರಿಗೆ. ಅದರ ಬದಲು ಅಡುಗೆ ಎಣ್ಣೆ, ಸೋಪು ಇಟ್ಟೆ. ಮನೆಗೆ ಬಂದಿದ್ದ ನನ್ನವರು ಸುತ್ತಲೂ ಇನ್ಸ್‌ಪೆಕ್ಟರ್ ಥರ ಓಡಾಡಿದರು. "ಡ್ರಮ್ಮಿಗೆ ಒಂದು ಹನಿ ನೀರೂ ಬೀಳಬಾರದು. ಅಲ್ಯೂಮಿನಿಯಂ ಜೊತೆ ಸೇರಿ ಗ್ಯಾಸ್ ಆಗುತ್ತೆ, ಮುಚ್ಚಿಟ್ಟರೆ ಡ್ರಮ್ ಉಬ್ಬಿ ಒಡೆಯಬಹುದು" ಅಂದರು.

"ನಿಮಗೆ ಇದೆಲ್ಲ ಹೇಗೆ ಗೊತ್ತು?" ಅಂತ ಕೇಳಿದೆ.

"ಡ್ರಮ್ ಮೇಲೇ ಬರೆದಿದೆಯಲ್ಲೇ!"

ಹೌದು. ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲವೂ ಇತ್ತು. ಗಾಳಿ ಆಡುವ ಜಾಗದಲ್ಲಿ ಮಾತ್ರ ಬಳಸಿ. ಬೆಂಕಿ, ಕಿಡಿ ದೂರವಿಡಿ. ಆವಿಯನ್ನು ಉಸಿರಿನಲ್ಲಿ ಎಳೆದುಕೊಳ್ಳಬೇಡಿ. ಸತ್ಯವತಿಗಾರು ಕನ್ನಡಕ ಏರಿಸಿ, ಪಾಠ ಮಾಡುವ ದನಿಯಲ್ಲಿ, ಒಂದೊಂದು ಸಾಲನ್ನೂ ತೆಲುಗಿನಲ್ಲಿ ಓದಿ ಹೇಳಿದರು. ಅಪ್ಪಲನಾಯ್ಡು ಬ್ರಷ್ ಕೆಳಗಿಟ್ಟು, ಕೈಕಟ್ಟಿ ನಿಂತು ಕೇಳಿದರು.

ಮುಗಿದ ಮೇಲೆ ಮೆಲ್ಲಗೆ ಅಂದರು: "ಮೂವತ್ತು ವರ್ಷದಿಂದ ಈ ಡಬ್ಬ ತೆಗೀತಿದೀನಮ್ಮಾ. ಇದನ್ನ ನನಗೆ ಓದಿ ಹೇಳಿದ್ದು ಇವತ್ತೇ."

ಈಗ ತಾರಸಿ ಫಳಫಳ ಹೊಳೆಯುತ್ತಿದೆ. ಮನೆಯೂ ತಕ್ಕಮಟ್ಟಿಗೆ ತಂಪು. ಎಚ್ಚರಿಕೆಯನ್ನು ತೆಲುಗಿನಲ್ಲಿ ಯಾಕೆ ಬರೆಯುವುದಿಲ್ಲ ಅಂತ ಕಂಪನಿಗೆ ಒಂದು ಖಾರದ ಮೇಲ್ ಬರೆಯಲು ಕೂತೆ. ನಾಲ್ಕು ಸಾಲು ಬರೆದು ನಿಲ್ಲಿಸಿದೆ.

ಅಪ್ಪಲನಾಯ್ಡು ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತಿತ್ತಲ್ಲ?