ಮುಚ್ಚದೆ ಇಟ್ಟುಕೊಂಡಿದ್ದ ಕಪ್ಪು ಕಿಟಕಿ

ಆಂಜನೇಯನ ಭಕ್ತ ಬಂಧುಗಳೇ, ವಾದದಲ್ಲಿ ಸೋತವಳ ಮಾತಿದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ‘ದೇವರಿಲ್ಲ’ ಎಂದು ವಾದಿಸಿ ಕಪ್ ತಂದವಳು ನಾನು. ಆ ಕಪ್ ಈಗಲೂ ಪಿ.ಜಿ. ರೂಮಿನ ಕಿಟಕಿಯಲ್ಲಿದೆ.

ಕಳೆದ ಕಾರ್ತಿಕದಲ್ಲಿ ನನ್ನ ಎಂ.ಎಸ್ಸಿ. ಗಣಿತದ ಸೆಮಿನಾರ್ ಇತ್ತು. ಸಮೀಕರಣಗಳೂ ವೃತ್ತಗಳೂ ಪರದೆಯ ಮೇಲೆ ತಾವಾಗಿ ಮೂಡುವಂತೆ ಮಾಡುವ ಸಾಫ್ಟ್‌ವೇರ್ ಒಂದಿದೆ. ಅದಕ್ಕೆ ಬಟನ್ನುಗಳಿಲ್ಲ, ಲ್ಯಾಪ್‌ಟಾಪ್ ಪರದೆಯಲ್ಲಿ ತೆರೆಯುವ ಕಪ್ಪು ಕಿಟಕಿಯೊಂದರಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕು. “ಸೋಮವಾರ ತೋರಿಸ್ಲಿಲ್ಲ ಅಂದ್ರೆ ಬೇಸಿಗೆಯ ಸಂಶೋಧನಾ ತರಬೇತಿಗೆ ಬೇರೆಯವರ ಹೆಸರು ಕಳಿಸ್ತೀನಿ ಕಣಮ್ಮ” ಎಂದಿದ್ದರು ಮೇಷ್ಟ್ರು.

ಮೂರು ದಿನ, ಮೂರು ಸಲ ಇನ್‌ಸ್ಟಾಲ್ ಮಾಡಿದೆ. ಸಾಫ್ಟ್‌ವೇರಿನ ಹೆಸರು ಟೈಪ್ ಮಾಡಿದಾಗಲೆಲ್ಲ ‘ಅಂಥ ಆಜ್ಞೆ ಇಲ್ಲ’ ಎಂಬ ಒಂದೇ ಉತ್ತರ. ಅದನ್ನು ತಯಾರಿಸಿದವರಿಗೆ ಖಾರವಾಗಿ ಬರೆಯಬೇಕೆಂದು ಆ ಕಿಟಕಿಯನ್ನು ಮುಚ್ಚದೆ ಸಾಕ್ಷಿಯಾಗಿ ಇಟ್ಟುಕೊಂಡೆ. ಕೇಳೋಣವೆಂದರೆ ಯಾರನ್ನು? ಫೋನಿನಲ್ಲಿ ಹೆಸರುಗಳೇನೋ ಇದ್ದವು. ಪ್ರತಿ ಹೆಸರಿನ ಹಿಂದೆಯೂ ನಾನು ಗೆದ್ದ ಒಂದು ವಾದವಿತ್ತು. ಜೊತೆಗಿದ್ದ ರೂಮಿನವಳೂ ಬೇರೆ ರೂಮಿಗೆ ಹೋಗಿ ತಿಂಗಳಾಗಿತ್ತು.

ಶನಿವಾರ ಮಧ್ಯಾಹ್ನ, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಲ್ಲಿಟ್ಟುಕೊಂಡೇ ಚಂದ್ರಾ ಲೇಔಟಿನ ನಮ್ಮ ಆಂಜನೇಯನ ಗುಡಿಗೆ ಬಂದೆ. “ನೀನು ಇರೋದಾದ್ರೆ ಇದು ಓಡ್ಲಿ. ಓಡಿದಾಗ ನೋಡೋಕೆ ಪಕ್ಕದಲ್ಲಿ ಒಬ್ರಾದ್ರೂ ಇರ್ಲಿ” ಎಂದೆ. ಕೈ ಮುಗಿಯಲಿಲ್ಲ.

ಹೊರಗೆ ಜಗಲಿಯ ಮೇಲೆ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಅಜ್ಜಿಯೊಬ್ಬರು ಕೂತಿದ್ದರು. ಪೊರೆ ಆಪರೇಷನ್ ಆಗಿತ್ತಂತೆ. ಆಸ್ಪತ್ರೆಯ ಚೀಟಿ ಚಾಚಿ, “ಇದೊಂಚೂರು ಓದಮ್ಮ” ಎಂದರು.

“ನಾಲ್ಕು ಹೊತ್ತು ಡ್ರಾಪ್ಸ್, ಅಷ್ಟೇ ಅಜ್ಜಿ.”

“ಅಷ್ಟುದ್ದ ಬರ್ದವ್ರೆ, ಅಷ್ಟೇನಾ? ಪೂರ್ತಿ ಓದೇ!”

ಕೊನೆಯ ಸಾಲಿನಲ್ಲಿತ್ತು: ಶನಿವಾರ ನಾಲ್ಕರೊಳಗೆ ಪಟ್ಟಿ ಬಿಚ್ಚಿಸಲು ಬರಬೇಕು. ಆಗಲೇ ಮೂರು. ಅಜ್ಜಿಯ ಸೊಸೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಕೆಲಸದಲ್ಲಿದ್ದಳು, ಫೋನ್ ಎತ್ತಲಿಲ್ಲ. ನಾನೇ ಕೈ ಹಿಡಿದು ಬಸ್ಸು ಹತ್ತಿಸಿ ರಾಜಾಜಿನಗರದ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ, ಕಣ್ಣು ಸರಿಯಾಗುವುದು ಡಾಕ್ಟರಿಂದಲೋ ಹನುಮಪ್ಪನಿಂದಲೋ ಎಂದು ಕೆಣಕಿದೆ. “ಬಾಯಿ ಜೋರು ನಿಂದು. ಓದೋದು ಮಾತ್ರ ಅರ್ಧ” ಎಂದರು.

ಆ ಮಾತು ನಾಟಿತು. ಅವರ ಪಟ್ಟಿ ಬಿಚ್ಚಿಸಿಕೊಂಡು ಬೆಂಚಿನಲ್ಲಿ ಕೂತು, ಕೊನೆಗೂ ಫೋನಿಗೆ ಸಿಕ್ಕಿ ಬರುತ್ತೇನೆಂದಿದ್ದ ಸೊಸೆಯನ್ನು ಕಾಯುವಾಗ ಲ್ಯಾಪ್‌ಟಾಪ್ ತೆರೆದೆ. ಕಪ್ಪು ಕಿಟಕಿಯಲ್ಲಿದ್ದ ಬರಹವನ್ನು ಮೇಲಿನವರೆಗೆ ಸರಿಸಿ, ಮೊದಲ ಸಾಲಿನಿಂದ ಓದುತ್ತ ಬಂದೆ. ಮೊದಲ ದಿನವೇ ಬರೆದಿತ್ತು: ‘ಇನ್‌ಸ್ಟಾಲ್ ಆಗಿದೆ. ಈ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಿರಿ.’ ನಾನು ಸಾಕ್ಷಿಯೆಂದು ಕಾಪಾಡಿದ್ದೇ ಅಡ್ಡಿಯಾಗಿತ್ತು.

ಮುಚ್ಚಿದೆ. ಹೊಸದು ತೆರೆದು ಆಜ್ಞೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಬಿಳಿ ಗೆರೆಯೊಂದು ಹೊರಟು, ಸುತ್ತಿ ಬಂದು, ವೃತ್ತವಾಯಿತು.

“ಅಯ್ಯೋ, ರಂಗೋಲಿ ತಾನೇ ಬಿಡಿಸ್ಕೋತಾ ಐತಲ್ಲೇ!” ಎಂದು ಅಜ್ಜಿ ಹೊಸ ಕಣ್ಣಲ್ಲಿ ನೋಡಿದರು. “ಇನ್ನೊಂದ್ಸಲ ಹಾಕು.”

ಹಾಕಿದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ.

ಸೋಮವಾರ ಸೆಮಿನಾರ್ ಆಯಿತು, ತರಬೇತಿಗೆ ನನ್ನ ಹೆಸರೂ ಹೋಯಿತು. ಕಾಕತಾಳೀಯ ಎನ್ನುವಿರಾದರೆ ಆ ವಾದವನ್ನು ನಿಮಗಿಂತ ಚೆನ್ನಾಗಿ ನಾನೇ ಮಂಡಿಸಬಲ್ಲೆ. ಕಿಟಕಿ ಮುಚ್ಚಿದರೆ ಆಜ್ಞೆ ಓಡುವುದಕ್ಕೆ ಕಾರಣವಿದೆ. ನಾನು ಕೇಳಿದ್ದ ಎರಡನೆಯದು, ಪಕ್ಕದಲ್ಲಿ ಒಬ್ಬರು, ಅದು ಸಿಕ್ಕಿದ್ದಕ್ಕೆ ಕಾರಣ ಹುಡುಕಿ ಸೋತಿದ್ದೇನೆ.

ಈಗ ಪ್ರತಿ ಶನಿವಾರ ಅಜ್ಜಿ ಜಗಲಿಯಲ್ಲಿ ನನಗೂ ಜಾಗ ಹಿಡಿದಿರುತ್ತಾರೆ. ಸ್ವಾಮಿ, ಎದುರು ಪಕ್ಷದವಳ ನಮಸ್ಕಾರ. ಈ ಸಲ ಕೈ ಮುಗಿದಿದ್ದೇನೆ.